ಮೂಗಿನ ಭಾರ ಕಾಯ್ದ ತಕ್ಕಡಿಯಕ್ಕ

"ನಿನ್ನೆ ತಾನೇ ತೂಗಿದ್ದೀವಲ್ಲಮ್ಮಾ, ರಾತ್ರಿ ಕಳೆಯೋದ್ರಲ್ಲಿ ವಿಮಾನ ಸೊರಗಿಹೋಗುತ್ತಾ?"

ಮುಖ್ಯ ವಿನ್ಯಾಸಕರು ಹೀಗೆ ರೇಗಿದಾಗ ಅತಿಥಿಗಳು ಆಗಲೇ ಚಪ್ಪರದಲ್ಲಿ ಕುಳಿತಾಗಿತ್ತು. ಕಾರ್ಖಾನೆಯ ಮೊದಲ ಯುದ್ಧವಿಮಾನದ ಮೂಲಮಾದರಿ ಅಂದು ಹಾರದಿದ್ದರೆ ಯೋಜನೆಗೇ ಬೀಗ. ಆದರೂ ವಿಮಾನದ ಚಕ್ರದ ಮುಂದೆ ನಿಂತ ತೂಕ ವಿಭಾಗದ ಎಂಜಿನಿಯರ್ ಕದಲಲಿಲ್ಲ.

"ಸೊರಗಲ್ಲ ಸರ್. ಆದ್ರೆ ಸಂಜೆ ಫೋಟೋ ತೆಗೆದಿದ್ದಾರೆ, ಯಾರ್ಯಾರು ಎಲ್ಲೆಲ್ಲಿ ಕೈ ಹಾಕಿದ್ರೋ! ತೂಗದೆ ಬಿಡಲ್ಲ."

ವಿಮಾನ ನಿರ್ಮಾಣದಲ್ಲಿ ರೆಕ್ಕೆ ಕಟ್ಟಿದವರಿಗೂ ಎಂಜಿನ್ ಕೂರಿಸಿದವರಿಗೂ ಸಲ್ಲುವ ಗೌರವ ತೂಕ ನೋಡುವವರಿಗೆ ಸಲ್ಲುವುದು ಅಪರೂಪ. ಅದನ್ನು ಹಟದಿಂದಲೇ ಸಂಪಾದಿಸಿ, ಇಂದು ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತರಾಗುತ್ತಿರುವ ಆ ಎಂಜಿನಿಯರೇ ಎಲ್ಲರ ಪ್ರೀತಿಯ ತಕ್ಕಡಿಯಕ್ಕ. ಸೇವೆಯ ಆರಂಭದಲ್ಲಿ ಬೋಲ್ಟುಗಳನ್ನೂ ತೂಗುತ್ತಿದ್ದ ಅವರನ್ನು "ತರಕಾರಿ ಅಂಗಡಿ ಇಡಿ, ಅಕ್ಕಾ" ಎಂದು ಚುಡಾಯಿಸಿದ್ದ ವೆಲ್ಡರ್ ಮುಂದೆ ಆಸ್ಪತ್ರೆ ಸೇರಿದಾಗ, ದಿನವೂ ಊಟದ ಡಬ್ಬಿ ಹೊತ್ತೊಯ್ದವರು ಅವರೇ. "ಇದನ್ನೂ ತೂಗಿ ತಂದ್ರಾ?" ಎಂದು ಆತ ಮಲಗಿದಲ್ಲೇ ನಗುತ್ತಿದ್ದ.

ಮೊದಲ ಹಾರಾಟದ ಆ ದಿನ ಪೈಲಟ್ ಏಣಿಯಿಂದ ಇಳಿದು, "ಅಕ್ಕ ಹೂಂ ಅನ್ನದೆ ನಾನು ಹತ್ತಲ್ಲ" ಎಂದುಬಿಟ್ಟರು. ವಿಮಾನವನ್ನು ತಕ್ಕಡಿಗೇರಿಸಿ ನೋಡಿದರೆ ಮೂಗು ಹಗುರ, ಬಾಲ ಭಾರ! ಹಾಗೇ ಹಾರಿದ್ದರೆ ಮೂಗೆತ್ತಿ ಮಗುಚಿಕೊಳ್ಳುತ್ತಿತ್ತು, ಪೈಲಟ್ ಸಮೇತ. ಬಂದೂಕುಗಳು ಇನ್ನೂ ಸಿದ್ಧವಾಗದ ಕಾರಣ ಅಷ್ಟೇ ತೂಕದ ಸೀಸದ ಗಟ್ಟಿಗಳನ್ನು ಮೂಗಿನೊಳಗೆ ಇಡಲಾಗಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಅವನ್ನು ತೆಗೆದು, ಕಪ್ಪು ಬಣ್ಣದ ಮರದ ಬಂದೂಕು ಕೂರಿಸಿ, ಮರಳಿ ಇಡುವುದನ್ನೇ ಮರೆತಿದ್ದರು.

"ಗಟ್ಟಿಗಳು ಎಲ್ಲಪ್ಪಾ?"

ಮರದ ಬಂದೂಕು ಕೂರಿಸಿದ್ದ ಬಡಗಿ ತಲೆ ಕೆರೆದುಕೊಂಡ. "ಗಾಳಿಗೆ ಚಪ್ಪರದ ಜಮಖಾನೆ ಎದ್ದೇಳ್ತಿತ್ತು ಅಂತ..."

ತಕ್ಕಡಿಯಕ್ಕ ನೆಟ್ಟಗೆ ಚಪ್ಪರಕ್ಕೆ ನಡೆದು, "ಸ್ವಲ್ಪ ಕಾಲೆತ್ತಿ ಸರ್" ಎನ್ನುತ್ತ ಗಣ್ಯರ ಪಾದದಡಿಯಿಂದ ಒಂದೊಂದೇ ಗಟ್ಟಿ ಎತ್ತಿಸಿದರು. ಮತ್ತೆ ತುಂಬಿಸಿದರು, ಮತ್ತೆ ತೂಗಿದರು. ಆಮೇಲಷ್ಟೇ ಹೂಂ ಎಂದರು. ವಿಮಾನ ಹಾರಿತು.

ಅವರ ತಕರಾರಿನ ದನಿ ಇನ್ನೂ ಬಹುಕಾಲ ಗಟ್ಟಿಯಾಗಿರಲಿ, ಹೊಸ ವಿಮಾನಗಳ ಮುಂದೆಯೂ ಅವರು ಆಗಾಗ ಬಂದು ಹೀಗೇ ಅಡ್ಡ ನಿಲ್ಲಲಿ ಎಂದು ಬಳಗವೆಲ್ಲ ಹಾರೈಸುವಾಗ ನೆನಪಾಗುವುದು ವಿಮಾನ ಇಳಿದ ಆ ಗಳಿಗೆ.

"ಅಕ್ಕಾ, ಬೆಣ್ಣೇಲಿ ಕೂದಲು ಎಳೆದ ಹಾಗೆ ಹಾರ್ತು!" ಎಂದು ಪೈಲಟ್ ತಮ್ಮ ಆಸನದಿಂದಲೇ ಕೂಗಿದರು.

"ಸಂತೋಷ. ಬೇಗ ಇಳೀರಿ, ಇಂಧನ ಖರ್ಚಾಗಿದೆ, ಮತ್ತೆ ತೂಗಬೇಕು."

ಮುಖ್ಯ ವಿನ್ಯಾಸಕರು ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿ, ತಕ್ಕಡಿಯತ್ತ ತಳ್ಳಲು ವಿಮಾನದ ಬಾಲಕ್ಕೆ ಹೆಗಲು ಕೊಟ್ಟರು.