ಸದ್ದಿಲ್ಲದ ಹಾಡಿಗೆ ಹಾಕಿದ ತಾಳ

ಇಳಕಲ್ಲಿನ ಹೈಸ್ಕೂಲಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಯಾರ ಮನೆಯ ಪ್ರಿಂಟರ್ ಮುನಿಸಿಕೊಂಡರೂ, ಯಾರ ಫೋನು ನೀರಿಗೆ ಬಿದ್ದರೂ ನನಗೇ ಬುಲಾವು. ಹೀಗಾಗಿ 'ಇದು ನನ್ನಿಂದ ಆಗಲಿಲ್ಲ' ಎನ್ನುವ ಮಾತು ನನ್ನ ಬಾಯಿಂದ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಆ ಜಂಬದ ಕಥೆ ಇದು.

ಗುಡೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಬೀರಪ್ಪ ದೇವರ ಡೊಳ್ಳಿನ ಹಾಡು ಹೇಳುವ ಅಜ್ಜ ಒಬ್ಬರಿದ್ದಾರೆ. ಆ ಹಾಡಿಗೆ ಎರಡು ಮೇಳ ಬೇಕು. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಂದು ನಿಂತಲ್ಲೇ ಜವಾಬು ಕಟ್ಟಿ ಹಾಡಬೇಕು. ಅಜ್ಜ ನಲವತ್ತು ವರ್ಷಗಳಿಂದ ತಮ್ಮ ಮೇಳದ ಮುಂದೆ ನಿಂತು ಹಾಡಿದವರು. ಈಚೆಗೆ ಎಡಗಿವಿ ಮಂದವಾಗಿತ್ತು. ಸವಾಲು ಕೇಳಿಸದ ದಿನ ಜಾಗ ಬಿಡಬೇಕಲ್ಲ ಎಂಬ ಅಂಜಿಕೆ ಅವರಿಗಿತ್ತು. ನಾನು ಅವರ ಹಾಡನ್ನು ವಿಡಿಯೋ ಮಾಡಿಕೊಂಡಿದ್ದೆ, ಅದನ್ನು ತಂದು ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಒಂದು ಭಾನುವಾರ ಲ್ಯಾಪ್‌ಟಾಪ್ ಹೊತ್ತು ಹೋದೆ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಇಬ್ಬರೇ ಕೂತೆವು. ಪರದೆಯ ಮೇಲೆ ಅಜ್ಜನ ಬಾಯಿ ಆಡುತ್ತಿತ್ತು, ಸದ್ದು ಮಾತ್ರ ಇಲ್ಲ. ಮೂಲೆಯ ಸ್ಪೀಕರ್ ಗುರುತಿನ ಮೇಲೆ ಸಣ್ಣದೊಂದು ಕೆಂಪು ಗುರುತು ಕೂತಿತ್ತು. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಲ್ಯಾಪ್‌ಟಾಪ್ ಅಪ್‌ಡೇಟ್ ಆಗಿತ್ತು. ಅದು ಸದ್ದು ಹೊರಡಿಸುವ ತಂತ್ರಾಂಶವನ್ನು, ಅಂದರೆ ಆಡಿಯೋ ಡ್ರೈವರನ್ನು, ಕೆಡಿಸಿಟ್ಟಿದೆ ಎಂದು ನನಗೆ ಕೂಡಲೇ ತಿಳಿಯಿತು.

ಅಜ್ಜ ಬಲಗಿವಿಯನ್ನು ಲ್ಯಾಪ್‌ಟಾಪಿನ ಹತ್ತಿರ ತಂದರು.

"ನಿಮ್ಮ ಮಾತು ಕೇಳತೈತಿ, ಹಾಡು ಕೇಳವಲ್ದು. ಬರಾಕತ್ತೈತೇನ್ರಿ ಮಾಸ್ತರ?"

"ಬರಾಕತ್ತೈತ್ರಿ ಅಜ್ಜಾರ. ಸ್ವಲ್ಪ ಸಣ್ಣಗೈತಿ," ಅಂದೆ.

ಅಷ್ಟಕ್ಕೇ ಬಿಟ್ಟಿದ್ದರೂ ಪಾಪ ಕಡಿಮೆ ಇರುತ್ತಿತ್ತು. ನಾನು ತೊಡೆಯ ಮೇಲೆ ತಾಳ ಹಾಕಿದೆ, ತಲೆದೂಗಿದೆ. ಕಂಪ್ಯೂಟರ್ ಮಾಸ್ತರನ ಲ್ಯಾಪ್‌ಟಾಪೇ ಮೂಕಾಗಿದೆ ಎಂದು ಕುರಿ ಕಾಯ್ದು ಬದುಕಿದ ಅಜ್ಜನೆದುರು ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. ಅವರು ಪರದೆ ನೋಡಿದರು, ನನ್ನ ಕೈ ನೋಡಿದರು. "ಚಲೋ ಬಂದೈತಿ," ಎಂದು ಮೆಲ್ಲಗೆ ಅಂದು, ಚಹಾ ಕುಡಿಸಿ ಕಳಿಸಿದರು.

ಮನೆಗೆ ಬಂದು ಡಿವೈಸ್ ಮ್ಯಾನೇಜರ್ ತೆರೆದೆ. ಹೊಸ ಡ್ರೈವರ್ ತೆಗೆದು ಹಳೆಯದನ್ನೇ ಕೂರಿಸಿ ಮತ್ತೆ ಚಾಲೂ ಮಾಡಿದೆ. ಹತ್ತು ನಿಮಿಷದ ಕೆಲಸ. ಅಜ್ಜನ ದನಿ ಮನೆಯೆಲ್ಲ ತುಂಬಿತು. "ಭಾಳ ಚಲೋ ಹಾಡ್ಯಾರಲ್ರಿ," ಎಂದು ಹೆಂಡತಿ ಅಡುಗೆಮನೆಯಿಂದಲೇ ಮೆಚ್ಚಿದಳು. ಅವಳಿಗೂ ನಿಜ ಹೇಳಲಿಲ್ಲ. ಅಜ್ಜನಿಗೆ ಫೋನ್ ಮಾಡುವುದನ್ನು ನಾಳೆ, ನಾಡಿದ್ದು ಎಂದು ಎರಡು ವಾರ ದೂಡಿದೆ.

ಅಷ್ಟರಲ್ಲಿ ಅವರ ಮಗ ಇಳಕಲ್ಲಿನ ಸಂತೆಯಲ್ಲಿ ಸಿಕ್ಕ.

"ಅಪ್ಪ ಹಾಡೂದು ಬಿಟ್ಟಾನ್ರಿ. ಮಾತು ಕೇಳಿದ್ರೂ ಹಾಡು ಕೇಳೂ ಕಿವಿ ಪೂರಾ ಹ್ವಾದುವು ಅಂತ ಹೋದ ಸೋಮಾರ ಬೀರಪ್ಪನ ಗುಡ್ಯಾಗ ಎಲ್ಲಾರ ಮುಂದ ಹೇಳಿ, ನಮ್ಮ ಅಣ್ಣಗ ಜಾಗಾ ಬಿಟ್ಟುಕೊಟ್ಟ."

ಸಂತೆಯ ಚೀಲವನ್ನು ಮನೆಯಲ್ಲಿ ಎಸೆದು, ಲ್ಯಾಪ್‌ಟಾಪ್ ತೆಗೆದುಕೊಂಡು ಬಸ್ಸು ಹತ್ತಿದೆ. ಅಜ್ಜನೆದುರು ಹಾಡು ಹಚ್ಚಿದೆ. ಮೊದಲ ಸಾಲಿಗೇ ಅವರ ಮುಖ ಅರಳಿತು. ಎರಡನೆಯ ಸಾಲಿಗೆ ನನ್ನತ್ತ ತಿರುಗಿದರು. ಎಲ್ಲ ಹೇಳಿಬಿಟ್ಟೆ: ಅವತ್ತು ಸದ್ದೇ ಇರಲಿಲ್ಲ, ಅದು ನನಗೆ ಗೊತ್ತಿತ್ತು, ಹಾಕಿದ್ದು ಸುಳ್ಳು ತಾಳ. ಗುಡಿಗೆ ಬಂದು ಎಲ್ಲರೆದುರು ನಾನೇ ಹೇಳುತ್ತೇನೆ, ಜಾಗ ತಿರುಗಿ ತೆಗೆದುಕೊಳ್ಳಿ ಎಂದು ಕೈ ಮುಗಿದೆ.

"ದೇವರ ಮುಂದ ಕೊಟ್ಟೇನ್ರಿ. ಹೊಳ್ಳಿ ಹ್ಯಾಂಗ ಇಸ್ಗೊಳ್ಳಲಿ?"

ಬೈಯಲಿಲ್ಲ, ಬೈದಿದ್ದರೆ ನನಗಷ್ಟು ಹಗುರವಾಗುತ್ತಿತ್ತು. ಹಾಡು ಮುಗಿಯುವ ತನಕ ಕೇಳಿದರು. ಆಮೇಲೆ ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು.

"ಸದ್ದು ಬರವಲ್ದು ಅಂತ ಅವತ್ತ ಒಂದ್ ಮಾತು ಅಂದಿದ್ರ, ಅಲ್ಲೇ ಕುಂತು ನಾನ ಹಾಡ್ತಿದ್ನಲ್ರಿ, ಮಾಸ್ತರ."