ದೊಡ್ಡವ್ವ ಕುಡಿಯದ ನೀರು

ದೊಡ್ಡವ್ವ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಬಾಯಿಯವರೆಗೆ ಎತ್ತಿದ್ದಳು. ನಾನು ಅವಳ ಮಣಿಕಟ್ಟು ಹಿಡಿದುಬಿಟ್ಟೆ.

ನಡೆದದ್ದು ಕಳೆದ ಭಾನುವಾರ, ದಾವಣಗೆರೆಯ ಹೊಸ ರೆಸ್ಟೋರೆಂಟ್ ಒಂದರಲ್ಲಿ. (ಹೌದು, ಬೆಣ್ಣೆದೋಸೆಯ ಊರಿಗೂ ಬ್ರಂಚ್ ಬಂದಿದೆ.) ಬೆಂಗಳೂರಿನಿಂದ ಬಂದಿದ್ದ ನಮ್ಮ ಪತ್ರಿಕೆಯ ಸಂಪಾದಕರು ಮತ್ತು ಅವರ ಪತ್ನಿ ನನ್ನನ್ನು ಕರೆದಿದ್ದರು. ಕಣ್ಣು ತೋರಿಸಲು ಸಂತೇಬೆನ್ನೂರಿನಿಂದ ದೊಡ್ಡಮ್ಮ ಬಂದಿದ್ದಾರೆ ಎಂದೆ. "ಅವರನ್ನೂ ಕರ್ಕೊಂಡು ಬನ್ನಿ" ಎಂದರು.

ಹೈಸ್ಕೂಲು ಮುಗಿಯುವವರೆಗೆ ನಾನು ಬೆಳೆದದ್ದು ಈ ದೊಡ್ಡವ್ವನ ಮನೆಯಲ್ಲಿ. ವಿಭೂತಿ ಹಚ್ಚಿಕೊಂಡು, ಹೊಸ ಸೀರೆ ಉಟ್ಟು ಹೊರಟಳು.

"ಇದು ನಾಷ್ಟಾನೋ, ಊಟಾನೋ?" ಮೇಜಿನ ಮುಂದೆ ಕೂತು ಕೇಳಿದಳು.

"ಎರಡೂ ಸೇರಿ, ದೊಡ್ಡವ್ವ."

"ಹಂಗಾರೆ ಒಂದೊತ್ತಿನ ಒಲೆ ಉಳೀತು ಬಿಡವ್ವ."

ಸಂಪಾದಕರ ಪತ್ನಿ ಜೋರಾಗಿ ನಕ್ಕರು. ನಾನೂ ನಕ್ಕೆ. ಆದರೆ ಅಕ್ಕಪಕ್ಕ ನೋಡಿಕೊಂಡು.

ಪ್ಯಾನ್‌ಕೇಕ್ ಬಂತು. ಮೇಲೆ ಸಿರಪ್. ದೊಡ್ಡವ್ವ ಫೋರ್ಕ್ ಪಕ್ಕಕ್ಕಿಟ್ಟು ಕೈಯಲ್ಲೇ ಮುರಿದು ತಿಂದಳು. "ಗೋಧಿ ದೋಸೆ ಚಲೋ ಐತೆ. ಜೋನಿಬೆಲ್ಲ ಮಾತ್ರ ಭಾಳ ತೆಳ್ಳಗಾತು. ಪಾಕ ತೆಗೆಯಾಕೆ ಬರಲ್ಲ ಇವರಿಗೆ" ಎಂದು ತೀರ್ಪು ಕೊಟ್ಟಳು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ತಿಂದು ಮುಗಿಸಿದ ದೊಡ್ಡವ್ವ ಲೋಟದ ನೀರನ್ನು ತಟ್ಟೆಗೆ ಸುರಿದುಕೊಂಡಳು. ಅಂಚೇ ಇಲ್ಲದ ಚಪ್ಪಟೆ ತಟ್ಟೆ, ಹಾಗಾಗಿ ಸ್ವಲ್ಪವೇ. ಬೆರಳಿನಿಂದ ಸುತ್ತ ತೊಳೆದಳು. ನಮ್ಮ ಮನೆತನದಲ್ಲಿ ಹಿರಿಯರು ಉಂಡ ತಟ್ಟೆ ತೊಳೆದು ಆ ನೀರು ಕುಡಿಯುತ್ತಾರೆ. ಅವರಿಗೆ ಅದು ಊಟವಲ್ಲ, ಪ್ರಸಾದ. ಒಂದು ಅಗುಳೂ ಚರಂಡಿಗೆ ಹೋಗಬಾರದು. ಅವಳ ಮನೆಯಲ್ಲಿದ್ದಷ್ಟು ವರ್ಷ ನಾನೂ ಹಾಗೇ ಕುಡಿದವಳು.

"ಇಲ್ಲಿ ಬೇಡ ದೊಡ್ಡವ್ವ. ಜನ ನೋಡ್ತಾರೆ."

"ಯಾರವ್ವ?" ಎಂದು ಸುತ್ತ ನೋಡಿದಳು.

ಯಾರು ನೋಡುತ್ತಿದ್ದರು? ಸಂಪಾದಕರು ಫೋನಿನಲ್ಲಿದ್ದರು. ಅವರ ಪತ್ನಿ ಕಾಫಿ ತರಲು ಎದ್ದಿದ್ದರು. ನೋಡುತ್ತಿದ್ದವಳು ನಾನೊಬ್ಬಳೇ.

ದೊಡ್ಡವ್ವ ತಟ್ಟೆ ಕೆಳಗಿಟ್ಟಳು. ವೇಟರ್ ಬಂದು "ತೆಗೀಲಾ ಮೇಡಂ?" ಎಂದ. ತೆಗೀರಿ ಎಂದದ್ದೂ ನಾನೇ. ತಟ್ಟೆ ಅಡುಗೆಮನೆ ಬಾಗಿಲು ದಾಟುವವರೆಗೂ ಅವಳು ಅದನ್ನೇ ನೋಡುತ್ತಿದ್ದಳು. ಪಕ್ಕದ ಮೇಜಿನವರು ಅರ್ಧ ತಿಂದ ತಿಂಡಿಯ ಮೇಲೆ ಟಿಶ್ಯೂ ಮುದುಡಿ ಎಸೆದು ಎದ್ದು ಹೋದರು. ಅವರ ಕೈ ಯಾರೂ ಹಿಡಿಯಲಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಬರುವ ಸುದ್ದಿಗಳನ್ನು ತಿದ್ದುವುದು ನನ್ನ ಕೆಲಸ. ಬೇಡದ್ದನ್ನು ಹೊಡೆದುಹಾಕಿ ಅಭ್ಯಾಸ. ಯಾವುದು ಬೇಡದ್ದು ಎಂದು ತೀರ್ಮಾನಿಸುವ ಹಕ್ಕು ಊಟದ ಮೇಜಿನಲ್ಲೂ ನನಗಿದೆ ಎಂದುಕೊಂಡೆನೇನೋ. ಮದುವೆ ಮನೆಗಳಲ್ಲಿ ಎಲೆಯಲ್ಲೇ ಉಳಿಯುವ ಅನ್ನದ ಬಗ್ಗೆ ಇದೇ ಅಂಕಣದಲ್ಲಿ ಬರೆದು ನಿಮಗೆಲ್ಲ ಬುದ್ಧಿ ಹೇಳಿದವಳೂ ನಾನೇ. (ಮೆಚ್ಚಿ ಫೋನ್ ಮಾಡಿದವರು ಮೆಚ್ಚುಗೆ ವಾಪಸ್ ತೆಗೆದುಕೊಳ್ಳಬಹುದು.)

ವಾಪಸ್ ಬರುವಾಗ ಆಟೋದಲ್ಲಿ ದೊಡ್ಡವ್ವ ಮೆಲ್ಲಗೆ ಕೇಳಿದಳು. "ತಪ್ಪಾತೇನವ್ವ? ನಿಮ್ಮ ಸಾಹೇಬ್ರು ನಿಂಗೆ ಏನಾರ ಅಂದ್ರಾ?"

"ಇಲ್ಲ."

"ಅನ್ನಲ್ಲ ಬಿಡು. ಒಳ್ಳೇರು ಕಾಣ್ತಾರೆ."

ತಪ್ಪು ನಿನ್ನದಲ್ಲ, ನನ್ನದು ಎಂದು ಹೇಳಬೇಕಿತ್ತು. ಎರಡೇ ಮಾತು. ನಾನು ಬಿಸಿಲಿನ ಬಗ್ಗೆ ಮಾತಾಡಿದೆ.

ರಾತ್ರಿ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ ಸಾರು. ಇಬ್ಬರೇ ಉಂಡೆವು. ದೊಡ್ಡವ್ವನ ತಟ್ಟೆ ಖಾಲಿಯಾಯಿತು. ನೀರಿನ ಚೊಂಬು ಎತ್ತಿಕೊಂಡಳು. ಆದರೆ ಬಗ್ಗಿಸಲಿಲ್ಲ. ಹಾಗೇ ಹಿಡಿದು ನನ್ನ ಮುಖ ನೋಡಿದಳು.

"ಇಲ್ಲಿ ನಡೀತೈತೇನವ್ವ?"