ಹುಳುಮನೆ ಸುಮ್ಮನಾದ ಮಧ್ಯಾಹ್ನ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವಳು. ದೆವ್ವ, ದೃಷ್ಟಿ, ಶಕುನ ಎಂದು ಯಾರಾದರೂ ಶುರು ಮಾಡಿದರೆ ನಗು ತಡೆದುಕೊಳ್ಳುವುದೇ ನನಗೆ ಕಷ್ಟವಾಗುತ್ತಿತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ಕಂಡದ್ದು ಕಂಡ ಹಾಗೆ ಬರೆಯುತ್ತೇನೆ. ನಗು ಬಂದರೆ ನೀವೂ ನಕ್ಕುಬಿಡಿ.

ಮಗಳು ಹುಟ್ಟಿದ ಮೇಲೆ ಬಾಣಂತನಕ್ಕೆ ಶಿಡ್ಲಘಟ್ಟದ ಹತ್ತಿರದ ತವರಿಗೆ ಬಂದಿದ್ದೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ನನಗೆ ಯಾವುದೂ ಬೇಡವಾಗಿತ್ತು. ಮಗುವನ್ನು ಎತ್ತಿಕೊಂಡರೆ ಬೀಳಿಸಿಬಿಡುತ್ತೇನೆಂಬ ಭಯ, ಮಲಗಿಸಿದರೆ ಉಸಿರು ನಿಂತಿತೇನೋ ಎಂಬ ಭಯ. ಹಾಲು ಕುಡಿಸುವಷ್ಟು ಹೊತ್ತೂ ಅಮ್ಮ ಪಕ್ಕದಲ್ಲಿ ಕೂತು ಮಗುವಿನ ಬೆನ್ನಿಗೆ ಕೈ ಕೊಟ್ಟಿರಬೇಕಿತ್ತು. ಕುಡಿಸಿದ ಕೂಡಲೇ ಅವಳ ಮಡಿಲಿಗೆ ಹಾಕಿ ಗೋಡೆ ಕಡೆ ತಿರುಗಿಬಿಡುತ್ತಿದ್ದೆ.

ಚಿಕ್ಕಬಳ್ಳಾಪುರದ ಡಾಕ್ಟರು ಹೆರಿಗೆಯ ನಂತರದ ಖಿನ್ನತೆ, ಜೊತೆಗೆ ಆತಂಕ ಎಂದರು. ಮಾತ್ರೆ ಬರೆದುಕೊಟ್ಟು, "ಮಾತ್ರೆಗಿಂತ ನೀವು ಮಾತಾಡೋದು ಮುಖ್ಯಮ್ಮ, ಕೌನ್ಸೆಲಿಂಗ್‌ಗೆ ಹೆಸರು ಬರೆಸಿ" ಎಂದು ಹೇಳಿದರು. ಬರೆಸಿದೆವು. ಕೌನ್ಸೆಲರ್ ಇದ್ದದ್ದು ಒಬ್ಬರೇ. ಸರದಿ ಬಂದಾಗ ಫೋನ್ ಮಾಡುತ್ತೇವೆ ಎಂದರು. ಒಂದು ತಿಂಗಳಾಯಿತು, ಎರಡಾಯಿತು. ಮನೆ ಹೊತ್ತಿ ಉರಿಯುವಾಗ ಬಾವಿ ತೋಡಿದ ಹಾಗೆ. ಅಮ್ಮನ ಹತ್ತಿರವೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಾನು ಬಾಯಿ ತೆರೆದರೆ ಅವಳು, "ಬಾಣಂತಿ ಅಳ್ಬಾರ್ದು ಕಣಮ್ಮ, ಹಾಲು ಬತ್ತೋಗುತ್ತೆ" ಎಂದು ಕಣ್ಣೊರೆಸಿಬಿಡುತ್ತಿದ್ದಳು.

ಆಗ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ ಎದ್ದು ಮೂರು ದಿನವಾಗಿತ್ತು. ಜ್ವರವೆಂದರೆ ಹುಳು ಪೊರೆ ಬಿಡುವಾಗ ಮೇವು ನಿಲ್ಲಿಸಿ, ತಲೆಯೆತ್ತಿ ಅಲುಗಾಡದೆ ಕೂರುವುದು. ನಾಲ್ಕನೆಯದು ಮುಗಿಯಿತೆಂದರೆ ಗೂಡು ಕಟ್ಟುವವರೆಗೂ ಅವುಗಳ ಬಾಯಿಗೆ ಬಿಡುವಿಲ್ಲ. ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ ಕೇಳುತ್ತಲೇ ಇರುತ್ತದೆ. ಹುಳುಮನೆಗೆ ಬಾಣಂತಿ ಕಾಲಿಟ್ಟರೆ ಬೆಳೆ ಕೆಡುತ್ತದೆ ಎಂದು ನಮ್ಮ ಮನೆಯಲ್ಲಿ ಕಟ್ಟುನಿಟ್ಟು.

ಆ ಮಧ್ಯಾಹ್ನ ಅಪ್ಪ ಸೊಪ್ಪು ಕೊಯ್ಯಲು ಹೋಗಿದ್ದರು, ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಕಿವಿಯ ಹತ್ತಿ ಕಿತ್ತು ಹಾಕಿದೆ. ಆ ಸದ್ದೇ ನನ್ನನ್ನು ಎಳೆದುಕೊಂಡು ಹೋಯಿತು ಎನ್ನಬೇಕಷ್ಟೆ. ಒಳಗೆ ಹಸಿರು ಪರದೆಯ ಬೆಳಕು, ಎಲೆಯ ವಾಸನೆ, ಸಾಲು ಸಾಲು ತಟ್ಟೆಗಳಲ್ಲಿ ಬಿಳಿ ಹುಳುಗಳು. ನಿದ್ದೆಯೋ ಎಚ್ಚರವೋ ತಿಳಿಯದ ಹಾಗಿತ್ತು. ನೆಲದ ಮೇಲೆ ಕೂತು, ನನಗೆ ಮಾತ್ರ ಕೇಳಿಸುವಷ್ಟು ದನಿಯಲ್ಲಿ ಹೇಳಿದೆ, "ಈ ಮಗು ನಂದು ಅಂತ ನನಗೆ ಅನ್ನಿಸ್ತಾನೇ ಇಲ್ಲ."

ಸದ್ದು ನಿಂತಿತು.

ಒಂದು ತಟ್ಟೆಯಲ್ಲಲ್ಲ, ಇಡೀ ಮನೆಯಲ್ಲಿ. ನೋಡಿದರೆ ಸಾವಿರಾರು ಹುಳು ಎಲೆ ಬಿಟ್ಟು ತಲೆ ಎತ್ತಿದ್ದವು. ಹೆದರಬೇಕಿತ್ತು, ಹೆದರಿಕೆಯಾಗಲಿಲ್ಲ. ಕೂಡಿಟ್ಟದ್ದನ್ನೆಲ್ಲ ಹೇಳಿದೆ, ಎಷ್ಟು ಹೊತ್ತೋ ಗೊತ್ತಿಲ್ಲ. "ಅಷ್ಟೇ" ಎಂದು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಾಗ ಸೋನೆ ಮತ್ತೆ ಶುರುವಾಯಿತು.

ತಿರುಗಿದರೆ ಬಾಗಿಲಲ್ಲಿ ಅಮ್ಮ, ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಬೈಯುತ್ತಾಳೆಂದುಕೊಂಡೆ. "ಸದ್ದೇ ನಿಂತೋಯ್ತಲ್ಲೇ, ಹುಳುಗೇನಾಯ್ತೋ ಅಂತ ಓಡ್ಬಂದೆ" ಎಂದಳು. ಅಂದರೆ ನನ್ನೊಬ್ಬಳ ಭ್ರಮೆಯಲ್ಲ. ನಾನು ಕೈ ಚಾಚಿದೆ. ಅವಳು ಮಗುವನ್ನು ಕೊಟ್ಟಳು, ಬೆನ್ನಿಗೆ ಕೈ ಕೊಡಲಿಲ್ಲ. ಮಗು ಬೀಳಲಿಲ್ಲ.

ಬೆಳೆಯೂ ಕೆಡಲಿಲ್ಲ. ಒಂದೇ ದಿನದಲ್ಲಿ ಗುಣವಾದೆ ಎಂದಲ್ಲ. ಐದನೇ ತಿಂಗಳಿಗೆ ಆಸ್ಪತ್ರೆಯಿಂದ ಫೋನ್ ಬಂತು, ಎಷ್ಟೋ ವಾರ ಹೋಗಿ ಮಾತಾಡಿ ಚೇತರಿಸಿಕೊಂಡೆ. ಆದರೆ ಅಲ್ಲಿಯವರೆಗೆ ನನ್ನನ್ನು ಹಿಡಿದಿಟ್ಟದ್ದು ಆ ಮಧ್ಯಾಹ್ನ. ಹುಳುವಿಗೆ ಕಿವಿಯಿಲ್ಲವೆಂದು ಇವತ್ತಿಗೂ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ.

ಹೋದ ತಿಂಗಳು ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಹುಳು ನಾಲ್ಕನೇ ಜ್ವರ ಮುಗಿಸಿ ಎದ್ದು ಬಿಡುವಿಲ್ಲದೆ ಮೇಯುತ್ತಿತ್ತು. ಮಧ್ಯಾಹ್ನ ಅಮ್ಮನನ್ನು ಹುಡುಕುತ್ತಾ ಹುಳುಮನೆಯ ಹತ್ತಿರ ಬಂದರೆ ಬಾಗಿಲು ಮುಚ್ಚಿತ್ತು. ಸದ್ದಿರಲಿಲ್ಲ. ಒಳಗೆ ಅಮ್ಮ ಅವಳ ತವರಿನ ತೆಲುಗಿನಲ್ಲಿ ಮೆಲ್ಲನೆ ಏನೋ ಹೇಳುತ್ತಿದ್ದಳು. ನಡುವೆ ನನ್ನ ಹೆಸರು ಬಂತು, ನಾನು ಹುಟ್ಟಿದಾಗಿನ ಮಾತು ಬಂತು. ಮಗಳು ಬಾಗಿಲು ತಳ್ಳಲು ಹೋದಳು. ಅವಳ ಕೈ ಹಿಡಿದುಕೊಂಡು, ಸೋನೆ ಮತ್ತೆ ಶುರುವಾಗುವವರೆಗೂ ಹೊರಗೇ ನಿಂತಿದ್ದೆ.